ಹಸಿರು ಪೆನ್ನಿನ ಬಗ್ಗೆ ಎರಡನೇ ಹೇಳಿಕೆ

ನಾನು, ಬೀದಿಯವರ ಬಾಯಲ್ಲಿ ಪೆನ್ನಕ್ಕ, ವಯಸ್ಸು 43, ಕಸುಬು ಲೇತಿನಲ್ಲಿ ಶಾಯಿ ಪೆನ್ನು ಕಡೆಯುವುದು, ವಾಸ ಛಾಪಖಾನೆ ಓಣಿಯ ಕೊನೆಯ ಮನೆ, ಕೆಳಗೆ ಅಂಗಡಿ, ಮೇಲೆ ಸಂಸಾರ. ಈ ದಿನ ಮಧ್ಯಾಹ್ನ 12-10ಕ್ಕೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಿನ್ನೆ ಸಂಜೆ ಇದೇ ಮೇಜಿನ ಮುಂದೆ ಕೂತು, ನನ್ನ ಅಣ್ಣನಿಗೆ ಅತ್ತಿಗೆಯೇ ಟೀಯಲ್ಲಿ ವಿಷ ಬೆರೆಸಿರಬೇಕೆಂದು ಹೇಳಿಕೆ ಕೊಟ್ಟಿದ್ದೆ. ಅದು ತಪ್ಪು. ಅತ್ತಿಗೆಯನ್ನು ಇವತ್ತು ಬೆಳಿಗ್ಗೆಯಿಂದ ಪಕ್ಕದ ಕೋಣೆಯಲ್ಲಿ ಕೂರಿಸಿದ್ದೀರಿ. ಅವರನ್ನು ಬಿಡಿ ಎಂದು ಕೇಳಲು ಬಂದಿದ್ದೇನೆ. ಬರೆದುಕೊಳ್ಳುವ ಪೇದೆಯವರು ಮೊದಲಿನಿಂದ ಹೇಳಿ ಎಂದಿದ್ದರಿಂದ ಮೊದಲಿನಿಂದ ಹೇಳುತ್ತೇನೆ.

ನಮ್ಮಲ್ಲಿ ಅಪ್ಪನ ಕಾಲದಿಂದ ಕಪ್ಪು ಗಟ್ಟಿ ರಬ್ಬರಿನ ಪೆನ್ನೇ ಆಗುತ್ತಿತ್ತು. ಕಡೆಯುವುದು ನಾನು, ಉಜ್ಜಿ ಹೊಳಪು ಕೊಡುವುದು ಅಣ್ಣ. ಈಗಿನವರಿಗೆ ಬಣ್ಣ ಬೇಕು. ಹೋದ ತಿಂಗಳು ಹಳೆಯ ಬಣ್ಣದಂಗಡಿಯೊಂದು ಮುಚ್ಚುವಾಗ ಅಣ್ಣ ಅಲ್ಲಿಂದ ಹಸಿರು ಪುಡಿಯ ಒಂದು ಡಬ್ಬಿ ತಂದ. ಇಂಥ ಹಸಿರು ಎಲ್ಲೂ ಸಿಗಲ್ಲ ಕಣೇ ಎಂದು ಮಗು ಎತ್ತಿಕೊಂಡವನ ಹಾಗೆ ಡಬ್ಬಿ ಹಿಡಿದುಕೊಂಡಿದ್ದ. ಅದನ್ನು ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಕಲಸಿ ಸರಳು ಎರಕ ಹೊಯ್ದೆವು. ಕಪ್ಪು ಪೆನ್ನನ್ನು ನೀರು ಹಾಕಿ ಉಜ್ಜುತ್ತೇವೆ. ಇದರ ಬಣ್ಣ ಏಳುವುದನ್ನು ನೋಡಬೇಕೆಂಬ ಆಸೆಗೆ ಅಣ್ಣ ಒಣದಾಗಿಯೇ ಉಜ್ಜಿದ. ಮೂರು ವಾರ ಅವನ ಮೀಸೆ ಕೂಡ ಹಸಿರಾಗಿತ್ತು, ನಾನು ಗಿಳಿ ಎಂದು ಆಡಿಕೊಳ್ಳುತ್ತಿದ್ದೆ.

ಇನ್ನೊಂದು ವಿಷಯ. ಮುಚ್ಚಳ ಬಿಗಿಯಾಗಿದೆಯೇ ಎಂದು ನಾವು ನಾಲಿಗೆಯಿಂದ ನೋಡುತ್ತೇವೆ. ಮುಚ್ಚಳದ ಬಾಯಿಯನ್ನು ನಾಲಿಗೆಗಿಟ್ಟು ಗಾಳಿ ಎಳೆದರೆ ಅದು ಕಚ್ಚಿಕೊಂಡು ಜೋತಾಡಬೇಕು. ಬಿದ್ದರೆ ಎಲ್ಲೋ ಸಂದಿದೆ, ಶಾಯಿ ಒಣಗುತ್ತದೆ ಎಂದರ್ಥ. ಅಪ್ಪ ಕಲಿಸಿದ್ದು. ಅಣ್ಣ ಒಂದೊಂದು ಮುಚ್ಚಳವನ್ನೂ ಉಜ್ಜಿದ ಕೈಯಲ್ಲೇ, ಒರೆಸದೆ, ಹೀಗೆ ನೋಡುತ್ತಿದ್ದ.

ಎರಡನೇ ವಾರದಿಂದ ಅಣ್ಣನಿಗೆ ವಾಂತಿ, ಹೊಟ್ಟೆ ನುಲಿತ. ಅತ್ತಿಗೆ ಟೀ ತರುವುದು ನಾಲ್ಕಕ್ಕೆ, ಅವನು ಕಕ್ಕುವುದು ಐದಕ್ಕೆ. ನನಗೆ ಅಷ್ಟೇ ಕಂಡಿತು. ಅಂಗಡಿ ಮುಚ್ಚಿ ಎಲ್ಲಾದರೂ ಕೆಲಸ ನೋಡಿ ಎಂದು ಅತ್ತಿಗೆ ಅಣ್ಣನ ಬೆನ್ನು ಬಿದ್ದಿದ್ದರು, ಆ ಸಿಟ್ಟು ನನ್ನ ಹೊಟ್ಟೆಯಲ್ಲಿತ್ತು. ನಿನ್ನೆ ಅಣ್ಣನನ್ನು ಸೇರಿಸಿದ ಆಸ್ಪತ್ರೆಯಲ್ಲಿ ಡಾಕ್ಟರು, ಮೂತ್ರದಲ್ಲಿ ಪಾಷಾಣವಿದೆ, ಎಲ್ಲಿಂದ ಹೋಗುತ್ತಿದೆ ಎಂದು ಗೊತ್ತಾಗದಿದ್ದರೆ ಕಷ್ಟ ಎಂದ ಕೂಡಲೇ ನಾನು ನೇರವಾಗಿ ಇಲ್ಲಿಗೆ ಬಂದೆ. ಅದೇ ಫ್ಲಾಸ್ಕಿನ ಟೀಯನ್ನು ದಿನವೂ ನಾನೂ ಕುಡಿಯುತ್ತಿದ್ದೆ ಎಂಬುದನ್ನು ನಿನ್ನೆ ಹೇಳಲಿಲ್ಲ. ನೀವು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ. ಇದನ್ನು ಹಾಗೆಯೇ ಬರೆದುಕೊಳ್ಳಿ.

ಈ ದಿನ ಬೆಳಿಗ್ಗೆ ಮನೆಯಲ್ಲಿ ಕೂರಲಾಗದೆ ಅಂಗಡಿ ತೆಗೆದೆ. ಅಣ್ಣ ಉಜ್ಜಿಟ್ಟ ಕೊನೆಯ ಹಸಿರು ಮುಚ್ಚಳ ಮೇಜಿನ ಮೇಲಿತ್ತು. ನೋಡಲು ಅವನಿಲ್ಲ, ನಾನೇ ನಾಲಿಗೆಗಿಟ್ಟು ಎಳೆದೆ. ಕಚ್ಚಿಕೊಂಡಿತು. ಕಿತ್ತಾಗ ಎದುರಿನ ಕನ್ನಡಿಯಲ್ಲಿ ನನ್ನ ನಾಲಿಗೆಯ ಮೇಲೆ ಹಸಿರು ಉಂಗುರ ಕಂಡಿತು. ವಾರದ ರಜೆಯ ದಿನ ಅದೇ ಟೀ ಕುಡಿದೂ ಅಣ್ಣ ಚೆನ್ನಾಗಿರುತ್ತಿದ್ದ ಎಂಬುದು ಆಗ ತಲೆಗೆ ಹೊಳೆಯಿತು.

ಡಬ್ಬಿ ಹಿಡಿದು ಬಣ್ಣದಂಗಡಿಯ ಯಜಮಾನರ ಮನೆಗೆ ಓಡಿದೆ. ಅದು ಅವರ ತಾತನ ಕಾಲದ ಸರಕು, ಹುಳ ಹತ್ತದಿರಲೆಂದು ಮರಕ್ಕೆ ಬಳಿಯುತ್ತಿದ್ದರು, ಪಾಷಾಣ ಸೇರಿದ್ದಕ್ಕೇ ಮಾರುವುದನ್ನು ನಿಲ್ಲಿಸಿದ್ದು ಎಂದರು. ಕೊಡುವಾಗ ಯಾಕೆ ಹೇಳಲಿಲ್ಲ ಎಂದು ಕೂಗಾಡಿದೆ. ಪೆನ್ನು ಮಾಡುವವರು ನೆಕ್ಕುತ್ತಾರೆಂದು ತಮಗೇನು ಕನಸು ಬಿದ್ದಿತ್ತೇ ಎಂದು ಅವರೂ ಕೂಗಾಡಿದರು. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಅವರು ತಕ್ಷಣ ಪುಡಿ ತನ್ನಿ ಎಂದರು. ಅರ್ಧ ಆಸ್ಪತ್ರೆಗೆ ಕೊಟ್ಟು, ಉಳಿದದ್ದನ್ನು ಎರಡು ಚೀಲದಲ್ಲಿ ಕಟ್ಟಿ ಇಲ್ಲಿ ಹಾಜರುಪಡಿಸಿದ್ದೇನೆ. ಹಸಿರು ಪೆನ್ನು ಒಂದೂ ಹೊರಗೆ ಹೋಗಿಲ್ಲ.

ಅಣ್ಣನಿಗೆ ಎಚ್ಚರವಿದೆ. ನನ್ನನ್ನು ಕಂಡ ಕೂಡಲೇ ಅವಳೆಲ್ಲಿ ಎಂದು ಕೇಳಿದ. ಸ್ನಾನಕ್ಕೆ ಹೋಗಿದ್ದಾರೆ ಎಂದು ಸುಳ್ಳು ಹೇಳಿ ಬಂದಿದ್ದೇನೆ.

ನನ್ನ ನಾಲಿಗೆ ನೋಡಿ ಇನ್‌ಸ್ಪೆಕ್ಟರ್ ಸಾಹೇಬರು, ಮೊದಲು ಆಸ್ಪತ್ರೆಗೆ ಹೋಗಿ, ಹೇಳಿಕೆ ಆಮೇಲೆ ಎಂದರು. ಅತ್ತಿಗೆ ಹೊರಗೆ ಬರುವ ತನಕ ಕುರ್ಚಿ ಬಿಟ್ಟು ಏಳುವುದಿಲ್ಲ ಎಂದು ನಾನು ಹಟ ಹಿಡಿದೆ. ಅವರು ಡಾಕ್ಟರ ಜೊತೆ ಫೋನಿನಲ್ಲಿ ಮಾತಾಡಿ ಅತ್ತಿಗೆಯನ್ನು ಕರೆಸಿದರು. ಇಲ್ಲಿಯವರೆಗೆ ಬರೆದದ್ದನ್ನು ಪೇದೆಯವರು ಅತ್ತಿಗೆಯ ಎದುರಿಗೇ ಓದಿದರು. ನನಗೆ ತಲೆ ಎತ್ತಲಾಗಲಿಲ್ಲ.

ಅತ್ತಿಗೆ ನನ್ನನ್ನು ಬೈಯಲಿಲ್ಲ. ಡಾಕ್ಟರು ಔಷಧಿ ಶುರು ಮಾಡಿದರೇ ಎಂದು ಕೇಳಿದರು, ಮಾಡಿದರು ಎಂದೆ. ಬಾಯಿ ತೊಳೆದೆಯಾ ಎಂದು ಕೇಳಿದರು, ತೊಳೆದೆ, ಬಣ್ಣ ಪೂರ್ತಿ ಹೋಗಿಲ್ಲ ಎಂದೆ. ಆಮೇಲೆ, ಅಣ್ಣ ಹುಷಾರಾಗುವ ತನಕ ಈ ದೂರಿನ ಮಾತು ಅವರ ಕಿವಿಗೆ ಬೀಳಕೂಡದು, ಹುಷಾರಾದ ಮೇಲೆ ನೀನೇ ಹೇಳಬೇಕು, ನಾನು ಹೇಳುವುದಿಲ್ಲ ಎಂದರು. ಆಗಲಿ ಎಂದು ಒಪ್ಪಿದ್ದೇನೆ.

ಇಷ್ಟು ನಾನು ಬರೆಸಿದ್ದು. ಓದಿಸಿ ಕೇಳಿದ್ದೇನೆ, ನಡೆದದ್ದೆಲ್ಲ ಇದೇ. ನಿನ್ನೆಯ ಹೇಳಿಕೆಯನ್ನು ಹಿಂದಕ್ಕೆ ಪಡೆಯುತ್ತೇನೆ.

ಸ್ಥಳ: ಠಾಣೆ
ದಿನ: ಬುಧವಾರ, ಮಧ್ಯಾಹ್ನ 1-05
ಸಹಿ: (ಪೆನ್ನಕ್ಕ)