ತಗಡಿನ ಮರೆಯ ಲಿಲ್ಲಿ ಹೂ

ಬಂಧುಗಳೇ, ತಾಯಂದಿರೇ, ಹೊತ್ತು ಮುಳುಗಿದರೂ ನೆಲ ಇನ್ನೂ ಬಿಸಿ ಉಗುಳುತ್ತಿದೆ. ಹಿಂದಿನ ಸಾಲಿನ ಹಿರಿಯರು ಟವೆಲ್ ಬೀಸಿಕೊಳ್ಳುತ್ತಿದ್ದಾರೆ. ತಲೆ ಅಲ್ಲಾಡಿಸುವುದು ನನ್ನ ಮಾತಿಗೋ, ತೂಕಡಿಕೆಗೋ, ಇಲ್ಲಿಂದ ಗೊತ್ತಾಗುವುದಿಲ್ಲ. ಇರಲಿ, ಮಲಗುವವರು ಮಲಗಿ. ಎದ್ದಿರುವವರು ಕೇಳಿ.

ಪ್ರವಚನಕ್ಕೆಂದು ನಿಮ್ಮೂರಿಗೆ ಬಂದು ಕೆಲವು ದಿನವಾಯಿತು, ಇವತ್ತು ಮಧ್ಯಾಹ್ನ ನಿಮ್ಮ ಓಣಿಗಳಲ್ಲಿ ನಡೆದುಕೊಂಡು ಬಂದೆ. ಒಂದು ಹೊಸ ಮನೆಯ ಮೇಲೆ ನಾಲಿಗೆ ಚಾಚಿದ ಗೊಂಬೆ. ಇನ್ನೊಂದು ಬಾಗಿಲಿಗೆ ಬೂದುಗುಂಬಳ. ಟ್ರ್ಯಾಕ್ಟರಿನ ಹಿಂದೆ ಹರಿದ ಚಪ್ಪಲಿ. ಎಮ್ಮೆಯ ಕೊರಳಿಗೂ ಕರಿದಾರ ಕಟ್ಟಿದ್ದೀರಿ! ಇಷ್ಟೊಂದು ಪಹರೆ ಯಾರಿಗಾಗಿ? ಕಳ್ಳರಿಗಾ? ಕಳ್ಳ ಗೊಂಬೆಗೆ ಹೆದರುತ್ತಾನಾ? ಅಲ್ಲ. ಈ ಪಹರೆ ಪಕ್ಕದ ಮನೆಯವರಿಗೆ. ಬೆಳಿಗ್ಗೆ ಎದ್ದರೆ ಮುಖ ನೋಡುವವರಿಗೆ. ಸಕ್ಕರೆ ಮುಗಿದರೆ ಬಟ್ಟಲು ಹಿಡಿದು ಹೋಗುತ್ತೀರಲ್ಲ, ಆ ಮನೆಯವರಿಗೆ.

ಇಲ್ಲೇ ಮುಂದಿನ ಸಾಲಲ್ಲಿ ಒಬ್ಬ ತಾಯಿ ಕುಳಿತಿದ್ದಾಳೆ. ಮಡಿಲಲ್ಲಿ ಕೂಸು. ಕೂಸಿನ ಮುಖದ ಮೇಲೆ ಸೆರಗು. ನಾನು ಬಂದು ಕುಳಿತಾಗಿನಿಂದ ಆ ಸೆರಗು ಸರಿದಿಲ್ಲ. ಯಾಕವ್ವ ಎಂದು ಈಗ ಕೇಳುವುದಿಲ್ಲ. ಮೊದಲು ಒಂದು ಕಥೆ ಹೇಳುತ್ತೇನೆ.

ಒಂದು ಊರು ಅಂತ ಇಟ್ಟುಕೊಳ್ಳಿ. ಅಲ್ಲೊಬ್ಬ ಸಾಹುಕಾರ. ಹೆಸರು ಬೇಡ. ಹೆಸರು ಹೇಳಿದರೆ ಆ ಹೆಸರಿನವರು ಯಾರಾದರೂ ಎದ್ದು ಚಪ್ಪಲಿ ಹುಡುಕತೊಡಗುತ್ತಾರೆ. ಅರಳೆ ವ್ಯಾಪಾರದವನು. ಮನೆ ತುಂಬಾ ಎಲ್ಲ ಇತ್ತು. ಎದೆ ತುಂಬಾ ಭಯ ಇತ್ತು.

“ಆರಾಮೇನ್ರಿ ಸಾಹುಕಾರ್ರ?” ಎಂದು ಯಾರಾದರೂ ಕೇಳಿದರೆ, “ಎಲ್ಲಿ ಆರಾಮ ತಗೀರಿ, ಮೊಣಕಾಲು ಹಿಡದಾವ,” ಅನ್ನುತ್ತಿದ್ದ.

“ವ್ಯಾಪಾರ ಹೆಂಗೈತ್ರಿ?”

“ಬರೇ ಲುಕ್ಸಾನ್ರಿ.”

ಮೊಣಕಾಲು ನೆಟ್ಟಗಿತ್ತು. ವ್ಯಾಪಾರವೂ ನೆಟ್ಟಗಿತ್ತು. ಚೆನ್ನಾಗಿದ್ದೇನೆ ಎಂದರೆ ಯಾರ ಕಣ್ಣು ಬೀಳುತ್ತದೋ ಎಂಬ ಹೆದರಿಕೆ. ನಗಬೇಡಿ, ನಿಮ್ಮಲ್ಲಿ ಅರ್ಧ ಜನ ಹೀಗೇ ಉತ್ತರ ಕೊಡುತ್ತೀರಿ. ಅವನ ಹೆದರಿಕೆಗೆ ಒಂದು ಬೇರೂ ಇತ್ತು. ಹರೆಯದಲ್ಲಿ ಅವನ ಹೆಂಡತಿ ಹೊಸ ಇಳಕಲ್ ಸೀರೆ ಉಟ್ಟು ಒಂದು ಮದುವೆಗೆ ಹೋಗಿ ಬಂದಳು. ಬಂದವಳು ಜ್ವರ ಹಿಡಿದು ಮಲಗಿದಳು, ಏಳಲಿಲ್ಲ. ಹೆಣದ ಮುಂದೆ ಯಾರೋ ಅಂದರು, “ಮದವ್ಯಾಗ ಎಲ್ಲಾರ ಕಣ್ಣೂ ಆಕಿ ಮ್ಯಾಲೇ ಇತ್ತು.” ಅಂದವರು ಉಂಡು ಮಲಗಿದರು. ಕೇಳಿಸಿಕೊಂಡವನಿಗೆ ಆಮೇಲೆ ನಿದ್ದೆ ಇಲ್ಲ.

ಮಗನಿಗೆ ಬೆಳಗಾವಿ ಕಡೆಯಿಂದ ಹೆಣ್ಣು ತಂದ. ಒಳ್ಳೆಯ ಹುಡುಗಿ. ಅವಳು ತವರಿನಿಂದ ಲಿಲ್ಲಿ ಹೂವಿನ ಗಡ್ಡೆ ತಂದಿದ್ದಳು. ನೋಡಲು ಉಳ್ಳಾಗಡ್ಡಿ ಇದ್ದ ಹಾಗೇ. ಅವಳ ಕೋಣೆಯ ಕಿಟಕಿಯ ಹೊರಗೆ ಒಂದು ಬೇವಿನ ಮರ ಇತ್ತು. ಅದರ ಬದಿಗೆ, ಬೆಳಗಿನ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವಲ್ಲಿ, ಗಡ್ಡೆಯ ಕುತ್ತಿಗೆ ಮಣ್ಣಿನ ಮೇಲೆ ಕಾಣುವಂತೆ ನೆಟ್ಟಳು. ಬುಡಕ್ಕೆ ಶೇಂಗಾ ಸಿಪ್ಪೆ ಹಾಸಿದಳು, ಬೇಸಿಗೆಯಲ್ಲಿ ಮಣ್ಣು ತಂಪಾಗಿರಲಿ ಎಂದು. ನೀರು ಹಾಕುವುದು ಹೊತ್ತೇರುವ ಮುಂಚೆ ಮಾತ್ರ. ನಡು ಮಧ್ಯಾಹ್ನ ಎಲೆ ಸೊರಗಿದರೂ ಮುಟ್ಟುತ್ತಿರಲಿಲ್ಲ. ಕಾದ ಮಣ್ಣಿಗೆ ನೀರು ಸುರಿದರೆ ಗಡ್ಡೆ ಒಳಗೇ ಬೇಯುತ್ತದೆ. ಮೇಲಿನ ಗಿಡ ಸಂಜೆಗೆ ತಾನೇ ತಲೆ ಎತ್ತುತ್ತದೆ. ಅಷ್ಟು ತಾಳ್ಮೆ ಇದ್ದರೆ ಸಾಕು, ಉರಿಬಿಸಿಲಲ್ಲೂ ಲಿಲ್ಲಿ ಬದುಕುತ್ತದೆ. ಬುಡಕ್ಕೆ ತಂಪು, ಮೈಗೆ ಗಾಳಿ. ಗಾಳಿ! ಈ ಮಾತು ನೆನಪಿಡಿ, ಆಮೇಲೆ ಬೇಕಾಗುತ್ತದೆ.

ಆ ವರ್ಷದ ಬೇಸಿಗೆಯಲ್ಲಿ ಊರಿನ ಗಿಡವೆಲ್ಲ ಕರಕಲಾಗಿದ್ದಾಗ ಆ ಕಿಟಕಿಯ ಕೆಳಗೆ ಕೆಂಪು ಲಿಲ್ಲಿ ಅರಳಿದವು. ಹೋಗುವವರು ಬರುವವರು ನಿಂತು ನೋಡತೊಡಗಿದರು. ಓಣಿಯ ಆಚೆ ಬದಿಗೆ ಒಂದು ಸಣ್ಣ ಮನೆ. ಅಲ್ಲೊಬ್ಬ ಅವ್ವ ಇದ್ದಳು. ಗಂಡ ಸತ್ತು ಬಹಳ ಕಾಲವಾಗಿತ್ತು, ಮಕ್ಕಳಾಗಿರಲಿಲ್ಲ. ರೊಟ್ಟಿ ಬಡಿದು ಖಾನಾವಳಿಗೆ ಕೊಟ್ಟು ಬದುಕುವವಳು. ಅವಳೂ ಬಂದಳು.

“ಯವ್ವಾ ತಂಗಿ, ಏನ್ ಚಂದ ಅರಳ್ಯಾವ ನಿನ್ನ ಹೂವು! ಈ ಬಿಸಲಾಗ ಕಣ್ಣಿಗೆ ತಂಪಾತು ನೋಡು.”

“ತಗೋರಿ ದೊಡ್ಡವ್ವ, ದೇವ್ರಿಗೆ ಏರಸ್ರಿ,” ಎಂದು ಸೊಸೆ ಒಂದು ಹೂವು ಮುರಿದು ಕೊಟ್ಟಳು. ಸಾಹುಕಾರ ಪಡಸಾಲೆಯಿಂದ ನೋಡುತ್ತಿದ್ದ.

ಮರುದಿನ ಉಳಿದ ಹೂವು ಬಾಡಿದವು. ಹೂವು ಬಾಡದೆ ಇನ್ನೇನು ಮಾಡುತ್ತವೆ? ಅದೂ ಆ ಬಿಸಿಲಲ್ಲಿ! ಆದರೆ ಸಾಹುಕಾರ ಪಾತಿಯ ಮುಂದೆ ನಿಂತು ಓಣಿಯಾಚೆಯ ಮನೆಯತ್ತ ನೋಡಿದ. ಮುದುಕಿ ಅಂದಳು, ಹೂವು ಬಾಡಿದವು. ಅವನ ಲೆಕ್ಕ ಅಷ್ಟೇ. ಅದೇ ವಾರ ಮನೆಯಲ್ಲಿ ಇನ್ನೊಂದು ಸುದ್ದಿ ತಿಳಿಯಿತು. ಮದುವೆಯಾಗಿ ವರ್ಷಗಳು ಕಳೆದ ಮೇಲೆ ಸೊಸೆ ಬಸುರಿಯಾಗಿದ್ದಳು.

ಬೇರೆಯವರಾಗಿದ್ದರೆ ಪೇಡೆ ಹಂಚುತ್ತಿದ್ದರು. ಈತ ತಗಡು ತಂದ. ಹೌದು, ಮನೆಗೆ ಹೊದಿಸುವ ತಗಡು. ಲಿಲ್ಲಿಯ ಪಾತಿಯ ಸುತ್ತ ಆಳೆತ್ತರ ನಿಲ್ಲಿಸಿ ಕಂಬಕ್ಕೆ ತಂತಿ ಬಿಗಿದ. ಕಿಟಕಿಯೂ ಆ ತಗಡಿನ ಹಿಂದೆ ಮುಚ್ಚಿಹೋಯಿತು.

“ಮಾವಾರ, ಗಾಳಿ ಬೇಕ್ರಿ ಅವಕ್ಕ,” ಎಂದಳು ಸೊಸೆ. “ತಗಡು ಕಾದ್ರ ಒಳಗ ಒಲಿ ಆಗತೈತ್ರಿ.”

“ನಿನಗ ತಿಳಿಯೂದಿಲ್ಲವ್ವ. ನಾ ಒಮ್ಮಿ ಕಳಕೊಂಡೀನಿ. ಇನ್ನೊಮ್ಮಿ ಆಗೂದಿಲ್ಲ ನನ್ನ ಕಡೆ.”

ಹಾಗೆ ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಕೆಟ್ಟವನಲ್ಲ ಅವನು. ಕೆಟ್ಟವನಾಗಿದ್ದರೆ ನಾನು ಈ ಕಥೆ ಹೇಳುತ್ತಲೇ ಇರಲಿಲ್ಲ, ನೀವು ಅದು ಬೇರೆ ಯಾರದೋ ಕಥೆ ಅಂದುಕೊಳ್ಳುತ್ತಿದ್ದಿರಿ. ಮಗ? ಅಪ್ಪನ ಎದುರು ಬಾಯಿ ತೆರೆದವನಲ್ಲ.

ತಗಡಿನೊಳಗೆ ಎಲೆ ಹಳದಿಯಾದವು. ಈಗಲಾದರೂ ತಗಡು ತೆಗೆಯಬೇಕಿತ್ತೋ ಇಲ್ಲವೋ? ತೆಗೆಯಲಿಲ್ಲ! ಮುದುಕಿಯ ಕಣ್ಣು ಸಂದಿಯಿಂದ ಹಾಯುತ್ತಿದೆ ಎಂದು ಸಂದಿಗೆಲ್ಲ ಗೋಣಿಚೀಲ ತುರುಕಿದ. ಎಲೆ ಇನ್ನಷ್ಟು ಹಳದಿಯಾದವು. ಅವನಿಗೆ ಇನ್ನಷ್ಟು ಭಯವಾಯಿತು. ಭಯವಾದಷ್ಟೂ ಮುಚ್ಚಿದ, ಮುಚ್ಚಿದಷ್ಟೂ ಅವು ಸತ್ತವು. ಸೊಸೆಯ ಮುಖ ಬಾಡಿದ್ದು ಕಂಡಾಗಲೂ ಅದನ್ನೇ ಮಾಡಿದ. ಕಿಟಕಿಗೆ ಒಳಗಿನಿಂದ ಕಂಬಳಿ ಬಿಗಿದ. “ಸೊಸಿ ತವರಿಗೆ ಹೋಗ್ಯಾಳ,” ಎಂದು ಊರಲ್ಲಿ ಸುದ್ದಿ ಬಿಟ್ಟ. ಸುದ್ದಿ ನಿಜವೆನ್ನಿಸಬೇಕಲ್ಲ? ಅಪ್ಪ ಮಗ ಇಬ್ಬರೂ ಅಂಗಡಿಗೆ ಹೋಗುವಾಗ ಹೊರಬಾಗಿಲಿಗೆ ಕೀಲಿ ಹಾಕತೊಡಗಿದರು. ಬಸುರಿ ಹೆಣ್ಣುಮಗಳು ಒಳಗೆ, ಬೀಗ ಹೊರಗೆ!

ಒಂದು ದಿನ ನಡು ಮಧ್ಯಾಹ್ನ ಕರೆಂಟು ಹೋಯಿತು. ಫ್ಯಾನು ನಿಂತಿತು. ಕಿಟಕಿಗೆ ಕಂಬಳಿ, ಕಂಬಳಿಯ ಆಚೆ ಕಾದ ತಗಡು. ಆ ಹುಡುಗಿ ನೀರು ಕುಡಿಯಲು ಎದ್ದಳು. ಕಣ್ಣಿಗೆ ಕತ್ತಲೆ ಬಂತು. ಕೈಯಲ್ಲಿದ್ದ ತಂಬಿಗೆ ಬಿತ್ತು. ಅವಳೂ ಬಿದ್ದಳು. ಯಾರನ್ನು ಕರೆಯಬೇಕು? ಇಡೀ ಊರಿನ ಲೆಕ್ಕದಲ್ಲಿ ಅವಳು ತವರಿನಲ್ಲಿದ್ದಾಳೆ.

ತಂಬಿಗೆ ಬಿದ್ದ ಸದ್ದು ಒಬ್ಬಳಿಗೆ ಕೇಳಿಸಿತು. ಓಣಿಯ ಆಚೆ ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ. ಕೈ ನಿಲ್ಲಿಸಿ ಕಿವಿಗೊಟ್ಟಳು. ತಗಡಿನ ಹಿಂದಿನಿಂದ ಸಣ್ಣಗೆ ನರಳಿದ ಸದ್ದು. ಎದ್ದು ಹೊರಗೆ ಬಂದಳು, ಓಣಿಯಲ್ಲಿ ನಿಂತಳು. ನಿಂತೇ ಬಿಟ್ಟಳು. ಯಾಕೆ ನಿಂತಳು ಹೇಳಿ?

ಹೆದರಿಕೆ! ಆ ತಗಡು ಯಾರ ಸಲುವಾಗಿ ನಿಂತಿದೆ ಎಂದು ಅವಳಿಗೆ ಗೊತ್ತಿರಲಿಲ್ಲವೇ? ಓಣಿಯ ತುಂಬ ಅದೇ ಮಾತು. ಬಾವಿಕಟ್ಟೆಯಲ್ಲಿ ಅವಳು ಬಂದರೆ ಕೂಸುಗಳನ್ನು ಸೆರಗಿನೊಳಗೆ ಎಳೆದುಕೊಳ್ಳುವ ಹೆಂಗಸರನ್ನು ಅವಳು ಕಂಡಿರಲಿಲ್ಲವೇ? ‘ನಾ ಹೋಗಿ, ಒಳಗ ಯಾರಿಗರ ಏನರ ಆಗಿದ್ರ, ನನ್ನ ಕಣ್ಣಿಗೇ ಕಟ್ತಾರ. ಊರ ಬಿಡಸ್ತಾರ.’ ಕಟ್ಟೆಯ ಮೇಲೆ ಇಸ್ಪೀಟು ಆಡುತ್ತಿದ್ದ ಗಂಡಸರನ್ನು ಕೂಗಿದಳು.

“ಮನಿಗೆ ಕೀಲಿ ಐತಿ, ಆಕಿ ತವರಾಗದಾಳ,” ಎಂದು ಅವರು ನಕ್ಕರು. “ಬಿಸಲಿಗೆ ತಲಿ ಕೆಟ್ಟೈತೇನ್ ಬೇ ನಿಂದು? ಹೋಗಿ ಒಳಗ ಕುಂದರು.”

ತಿರುಗಿ ಬಂದಳು. ಮನೆಯೊಳಗೆ ಹೋಗಬಹುದಿತ್ತು. ಯಾರೂ ಏನೂ ಅನ್ನುತ್ತಿರಲಿಲ್ಲ. ಮತ್ತೆ ನರಳಿದ ಸದ್ದು. ಈ ಸಲ ಅರ್ಧಕ್ಕೇ ನಿಂತಿತು.

ಆಗ ಅವಳು ತಗಡಿಗೆ ಕೈ ಹಾಕಿದಳು. ಜೀವಮಾನವೆಲ್ಲ ಹೆಂಚಿನ ಮೇಲೆ ರೊಟ್ಟಿ ತಿರುವಿದ ಕೈ, ಆದರೂ ಆ ತಗಡು ಅವಳ ಅಂಗೈ ಸುಟ್ಟಿತು. ಬಿಡಲಿಲ್ಲ. ಜಗ್ಗಿದಳು, ತಂತಿ ಹರಿಯಿತು, ತಗಡು ಧಡಾರೆಂದು ಬಿತ್ತು. ಸತ್ತ ಲಿಲ್ಲಿಗಳನ್ನು ತುಳಿದು ಕಿಟಕಿಗೆ ಹೋಗಿ, ಸರಳಿನ ಸಂದಿಯಿಂದ ಕಂಬಳಿ ಕಿತ್ತಳು. ಒಳಗೆ ನೆಲದ ಮೇಲೆ ಬಿದ್ದವಳನ್ನು ಕಂಡು ಎಂಥಾ ಕೂಗು ಕೂಗಿದಳೆಂದರೆ, ಇಸ್ಪೀಟು ಬಿಟ್ಟು ಓಡಿ ಬಂದರು ಆ ಗಂಡಸರು. ಬೀಗ ಒಡೆದರು.

ಆಸ್ಪತ್ರೆಯಲ್ಲಿ ಡಾಕ್ಟರು, “ಇನ್ನೊಂದಿಷ್ಟು ತಡವಾಗಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ,” ಎಂದರು. ಇಬ್ಬರೂ ಉಳಿದರು. ಇಷ್ಟಕ್ಕೇ ನಿಟ್ಟುಸಿರು ಬಿಡಬೇಡಿ, ಇನ್ನೂ ಕೇಳಿ. ಸಾಹುಕಾರ ಓಡಿ ಬಂದ. ಯಾರು ಕಂಡರು, ಯಾರು ತಗಡು ಕಿತ್ತರು, ಎಲ್ಲ ಹೇಳಿದರು. ಅವನ ಬಾಯಿಂದ ಬಂದ ಮೊದಲ ಮಾತು ಏನು ಗೊತ್ತಾ?

“ಆಕಿ ನೋಡಿದ್ಲಾ?”

ಜೀವ ಉಳಿಸಿದವಳ ಬಗ್ಗೆ, ಬಂಧುಗಳೇ! ಆಕಿ ನೋಡಿದ್ಲಾ! ಅಷ್ಟು ಆಳಕ್ಕೆ ಇಳಿದಿರುತ್ತದೆ ಈ ಭಯ. ಎದುರಿನ ಬೆಂಚಿನ ಮೇಲೆ ಅವ್ವ ಕುಳಿತಿದ್ದಳು, ಎರಡೂ ಅಂಗೈ ಬೊಬ್ಬೆ ಎದ್ದಿದ್ದವು. ಅವಳಿಗೆ ಈ ಮಾತು ಕೇಳಿಸಿತು. ಎದ್ದು ಮನೆಗೆ ಹೋದಳು. ಸಾಹುಕಾರ ಆ ಕೈ ಕಂಡ. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾಗದೆ ಗೋಡೆಗೆ ಹಣೆ ಹಚ್ಚಿ ಅತ್ತ.

ಮನೆಗೆ ಬಂದ ಮೇಲೆ ಪಾತಿ ಕೆದರಿದ. ಗಡ್ಡೆಗಳೆಲ್ಲ ಮೆತ್ತಗೆ ಬೆಂದು ನಾರುತ್ತಿದ್ದವು. ಕೊಂದದ್ದು ಯಾರ ಕಣ್ಣೂ ಅಲ್ಲ, ತಾನು ನಿಲ್ಲಿಸಿದ ತಗಡು ಎಂದು ಅವನಿಗೆ ಕೈಯಲ್ಲಿ ಹಿಡಿದಾಗ ತಿಳಿಯಿತು.

ದೀಪಾವಳಿಯ ಹೊತ್ತಿಗೆ ಕೂಸು ಹುಟ್ಟಿತು. ಹೆಣ್ಣು. ಮಾವ ನೋಡಲು ಬಂದಾಗ ಸೊಸೆ ಅಂದಳು, “ಮಾವಾರ, ಮೊದಲ ದೊಡ್ಡವ್ವನ ಉಡ್ಯಾಗ ಹಾಕ್ರಿ. ನೀವ ಒಯ್ದು ಹಾಕ್ರಿ. ಆಮ್ಯಾಲೆ ಉಳದವ್ರು.”

ಅವನು ಕೂಸನ್ನು ಎತ್ತಿಕೊಂಡು ಓಣಿ ದಾಟಿದ. ಭಯ ಹೋಗಿತ್ತೇ? ಇಲ್ಲ, ಸುಳ್ಳು ಯಾಕೆ ಹೇಳಲಿ? ಕೈ ನಡುಗುತ್ತಿದ್ದವು. ಅವಳ ಬಾಗಿಲಲ್ಲಿ ನಿಂತು, “ತಪ್ಪಾತವ್ವ. ನೋಡು, ಕಣ್ತುಂಬ ನೋಡು,” ಎಂದ. ಅವ್ವ ಹಿಂದೆ ಸರಿದಳು. ಅವಳಿಗೂ ಭಯ! ಅವನು ಹೊಸ್ತಿಲಲ್ಲೇ ಕಾದು ನಿಂತ. ಕಡೆಗೆ ಅವಳು ಕೂತು, ಸುಟ್ಟ ಕಲೆಯಿದ್ದ ಎರಡೂ ಕೈ ಚಾಚಿದಳು. ನಡುಗುತ್ತಲೇ ಅವನು ಕೂಸನ್ನು ಇಟ್ಟ.

ಕಥೆ ಅಷ್ಟೇ. ಈಗ ನಿಮ್ಮ ಸರದಿ.

ನಾಳೆ ಬೆಳಿಗ್ಗೆ ಯಾರಾದರೂ ಆರಾಮೇನ್ರಿ ಎಂದರೆ, ಆರಾಮಿದ್ದರೆ ಆರಾಮ ಅನ್ನಿ. ಬಾಯಿ ಸುಡುವುದಿಲ್ಲ. ನಿಮ್ಮ ಮಗುವನ್ನು ನೋಡಿ ಯಾರಾದರೂ ಚಂದ ಐತಿ ಅಂದರೆ ಒಳಗೆ ಓಡಿ ಉಪ್ಪು ಮೆಣಸಿನಕಾಯಿ ಇಳಿಸಬೇಡಿ. ಅವರ ಕೈಗೆ ಮಗುವನ್ನು ಕೊಡಿ. ಬಸುರಿಗೆ ಕುಬಸ ಮಾಡಿ ಉಡಿ ತುಂಬುತ್ತೀರಿ, ಊರ ಮುತ್ತೈದೆಯರನ್ನೆಲ್ಲ ಕರೆಯುತ್ತೀರಿ, ಗಂಡ ಸತ್ತವಳ ಮನೆ ಬಂದಾಗ ದಾಟಿ ಮುಂದೆ ಹೋಗುತ್ತೀರಿ. ಅವಳಿಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಾ? ಬಾಗಿಲ ಹಿಂದೆ ನಿಂತು ನಿಮ್ಮ ಹೆಜ್ಜೆ ಸಪ್ಪಳ ಕೇಳುತ್ತಿರುತ್ತಾಳೆ. ಇನ್ನು ಮೇಲೆ ಮೊದಲು ಆ ಬಾಗಿಲು ಬಡಿಯಿರಿ. ಭಯ ಹೋದ ಮೇಲೆ ಮಾಡುತ್ತೇವೆ ಅನ್ನಬೇಡಿ, ಅದು ಹೋಗುವುದಿಲ್ಲ. ನಡುಗುತ್ತಲೇ ಬಡಿಯಿರಿ.

ನಾಳೆಯ ಮಾತು ಬಿಡಿ, ಈಗಲೇ ನೋಡೋಣ. ಅಲ್ಲಿ ಹಿಂದೆ, ದೀಪದ ಬೆಳಕು ತಲುಪದ ಕಂಬದ ಹತ್ತಿರ, ಗಂಡನನ್ನು ಕಳೆದುಕೊಂಡ ಕೆಲವರು ತಾಯಂದಿರು ಒಟ್ಟಿಗೆ ಕುಳಿತಿದ್ದೀರಿ. ಬಂದ ದಿನದಿಂದ ನೋಡುತ್ತಿದ್ದೇನೆ, ದಿನಾ ಅಲ್ಲೇ. ನಿಮಗೆ ಆ ಜಾಗ ಕೊಟ್ಟವರು ಯಾರು? ಏಳಿರವ್ವ, ಮುಂದೆ ಬನ್ನಿ. ಹೆದರಬೇಡಿ, ನಾನು ಕರೆಯುತ್ತಿದ್ದೇನೆ. ಏ ತಮ್ಮಾ, ದಾರಿ ಬಿಡು. ಸರಿಯಿರಿ, ಜಾಗ ಮಾಡಿ. ಹಾಂ, ಹಾಗೆ. ಕೂಸು ಮಲಗಿಸಿಕೊಂಡ ಈ ತಾಯಿಯ ಪಕ್ಕದಲ್ಲೇ ಕುಳಿತುಕೊಳ್ಳಿ.

ಇನ್ನು ನೀನು, ಮಗಳೇ. ಕೈ ನಡುಗಿದರೆ ನಡುಗಲಿ. ಆ ಸೆರಗು ತೆಗಿ. ಕೂಸಿಗೆ ಗಾಳಿ ಬೇಕು.