ಕಿಟಕಿಯಿಂದ ಮಾಳಿಗೆಗೆ ಒಂದು ಹಲಗೆ

ಈ ಸಮಾರಂಭದ ಅಧ್ಯಕ್ಷರೂ ನಮ್ಮ ಹಳೆಯ ಶಾಲೆಯ ಮನೆಮಾಲೀಕರೂ ಆದ ಪಾಯಪ್ಪನವರೇ, ಇಂದು ನಮ್ಮಿಂದ ಬೀಳ್ಕೊಳ್ಳುತ್ತಿರುವ ಮುಖ್ಯಾಧ್ಯಾಪಕಿ ನೀಲಗಂಗವ್ವನವರೇ, ಮಿರಜದ ಪೇಟೆಯಿಂದಲೂ ಆರಗ, ಸಲಗರೆಗಳಿಂದಲೂ ಬಂದಿರುವ ತಾಯಂದಿರೇ, ಹುಡುಗಿಯರೇ, ಸಭಿಕರೇ,

ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಇಪ್ಪತ್ತೆಂಟು ವರ್ಷ ಸಂಸ್ಥಾನದ ಕಚೇರಿಯಲ್ಲಿ ಕಾರಕೂನಿಕೆ ಮಾಡಿದ ನನಗೆ, ಕೊಟ್ಟದ್ದರಲ್ಲಿ ಕಡಿತ ಮಾಡುವ ಅಭ್ಯಾಸವಿದೆ. ಇವತ್ತು ಮಾತ್ರ ಪೂರ್ತಿ ಹತ್ತನ್ನೂ ತೆಗೆದುಕೊಳ್ಳುತ್ತೇನೆ.

ನಮ್ಮ ನೀಲಗಂಗವ್ವ ಅಕ್ಕಾವರ ಗುಣಗಳನ್ನು ಎಲ್ಲರೂ ಹೇಳಿದರು. ಶಿಸ್ತು, ತಾಳ್ಮೆ, ಸರಳತೆ. ಎಲ್ಲವೂ ನಿಜ. ಆದರೆ ಅವರ ಹಟವನ್ನು ಯಾರೂ ಹೇಳಲಿಲ್ಲ. ಅದನ್ನು ನಾನಲ್ಲದೆ ಇನ್ನಾರು ಹೇಳಬೇಕು?

ನಾಲ್ಕು ವರ್ಷದ ಹಿಂದಿನ ಮಾತು. ಲಡಾಯಿಯ ಕಾಲ. ಆಗ ನಮ್ಮ ಕನ್ನಡ ಹೆಣ್ಣುಮಕ್ಕಳ ಶಾಲೆ ಪಾಯಪ್ಪನವರು ಹತ್ತಿ ತುಂಬಿಡುವ ವಖಾರಿಯ ಮೇಲಿನ ಅಂತಸ್ತಿನಲ್ಲಿತ್ತು. ಕೆಳಗೆ ಹತ್ತಿಯ ಅಂಡಿಗೆಗಳು, ಮೇಲೆ ನಲವತ್ತೊಂದು ಹುಡುಗಿಯರು, ನಡುವೆ ಹತ್ತಿ ಇಳಿಯಲು ಒಂದೇ ಒಂದು ಕಟ್ಟಿಗೆಯ ಪಾವಟಿಗೆ. ಅದೂ ಎಷ್ಟು ಇಕ್ಕಟ್ಟೆಂದರೆ, ಇಬ್ಬರು ಎದುರಾದರೆ ಒಬ್ಬರು ಹಿಂದಕ್ಕೆ ಹತ್ತಬೇಕು. ಹಿಂದುಗಡೆ ಇನ್ನೊಂದು ಪಾವಟಿಗೆ ಬೇಕೆಂದು ಅಕ್ಕಾವರು ಸಂಸ್ಥಾನಕ್ಕೆ ಅರ್ಜಿ ಬರೆದರು. ಶಾಲೆಗಳ ಖರ್ಚು ಕಡಿತ ಮಾಡಬೇಕೆಂದು ಮೇಲಿನಿಂದ ಅಪ್ಪಣೆಯಾಗಿತ್ತು. ಅರ್ಜಿಯ ಮೇಲೆ ನಾನು ಕೆಂಪು ಶಾಯಿಯಲ್ಲಿ 'ಸದ್ಯ ಅವಕಾಶವಿಲ್ಲ' ಎಂದು ಬರೆದು ಕಳಿಸಿದೆ. ಅವರು ಮತ್ತೆ ಬರೆದರು. ನಾನೂ ಮತ್ತೆ ಬರೆದೆ. ಮೂರನೆಯ ಸಲ ಅವರೇ ಕಚೇರಿಗೆ ಬಂದರು.

"ಅಕ್ಕಾವ್ರ, ಸಂಸ್ಥಾನದಾಗ ರೊಕ್ಕಿಲ್ರಿ," ಎಂದೆ. "ಲಡಾಯಿ ಮುಗೀಲಿ, ನೋಡೋಣು."

"ಲಡಾಯಿ ಮುಗಿಯೂತನಕ ಬೆಂಕಿ ಕಾಯತೈತೇನ್ರಿ?" ಎಂದರು. ನಾನು ಬೇರೊಂದು ಕಾಗದ ಎಳೆದುಕೊಂಡೆ. ಅವರು ಎದ್ದು ಹೋದರು.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಅವರು ನೇರವಾಗಿ ಹೋದದ್ದು ವಖಾರಿಯ ಹಿಂದಿನ ಮನೆಯ ಸರುಬಾಯಿಯವರ ಬಳಿಗೆ. ಅವರು ಪಾಯಪ್ಪನವರ ಸೋದರತ್ತೆ, ಮಡಿಯವರು, ತಮ್ಮ ಕೊಡವನ್ನು ಇನ್ನೊಬ್ಬರು ಮುಟ್ಟಿದರೆ ಮೂರು ಸಲ ತಿಕ್ಕುವವರು. ಶಾಲೆಯ ಹಿಂದಿನ ಕಿಟಕಿಗೂ ಸರುಬಾಯಿಯವರ ಮಾಳಿಗೆಗೂ ನಾಲ್ಕೇ ಮೊಳದ ಅಂತರ. ಕಿಟಕಿಯ ಸರಳು ಕಿತ್ತು, ಒಂದು ದಪ್ಪ ಹಲಗೆ ಹಾಕಿ, ಎರಡೂ ಬದಿಗೆ ಹಗ್ಗ ಕಟ್ಟಿದರೆ ಮಕ್ಕಳು ಮಾಳಿಗೆಗೆ ದಾಟಿ, ಅಲ್ಲಿಂದ ಕಲ್ಲಿನ ಮೆಟ್ಟಿಲಿಳಿದು ಅಂಗಳಕ್ಕೆ ಬರಬಹುದು. ಇದು ಅಕ್ಕಾವರ ಲೆಕ್ಕ.

"ನನ್ನ ಹಪ್ಪಳದ ಮ್ಯಾಲೆ ಒಂದು ಕಾಲು ಬಿದ್ರೂ ಹಲಗಿ ಈ ಕಡೆ ಎಳಕೋತೀನಿ, ನೋಡವಾ," ಎಂದರಂತೆ ಸರುಬಾಯಿಯವರು.

"ಆತ್ರಿ ಸರುಬಾಯಾರ. ಶನಿವಾರ ಒಂದು ದಿನ ಹಪ್ಪಳಾ ಹಾಕಬ್ಯಾಡ್ರಿ," ಎಂದರಂತೆ ಇವರು.

ಹಾಗೆ ಪ್ರತಿ ಶನಿವಾರ ಅಭ್ಯಾಸ ಶುರುವಾಯಿತು. ಗಂಟೆ ಬಾರಿಸಿದ ಕೂಡಲೇ ಪಾಟಿ ಪುಸ್ತಕ ಬಿಟ್ಟು ಏಳಬೇಕು. ಸಣ್ಣವರು ಮುಂದೆ, ದೊಡ್ಡವರು ಹಿಂದೆ. ಮಾತಿಲ್ಲ, ನೂಕಾಟವಿಲ್ಲ.

ಒಪ್ಪಿಗೆಯಿಲ್ಲದೆ ಸರಳು ಕಿತ್ತಿದ್ದಾರೆಂದು ಕಚೇರಿಗೆ ಯಾರೋ ತಕರಾರು ಕೊಟ್ಟರು. ತನಿಖೆಗೆ ಹೋದವನು ನಾನೇ. ಅವತ್ತು ಶನಿವಾರವಿತ್ತು. "ನೀವೂ ಒಮ್ಮೆ ದಾಟಿ ನೋಡ್ರಿ," ಎಂದರು ಅಕ್ಕಾವರು. ರುಮಾಲು ಸರಿಮಾಡಿಕೊಂಡು ಕಿಟಕಿ ಏರಿದೆ. ಹಲಗೆಯ ನಡುವಿಗೆ ಬಂದು ಕೆಳಗೆ ನೋಡಿದೆ. ಅಷ್ಟೇ. ಕಾಲು ಏಳಲಿಲ್ಲ. ಹಿಂದೆ ಮುಂದೆ ಹುಡುಗಿಯರು ಕಿಸಕ್ಕನೆ ನಕ್ಕರು. ಮೂರನೆಯ ಇಯತ್ತೆಯಲ್ಲಿದ್ದ ನನ್ನ ಮಗಳು ಕುಂದಾ ಮಾತ್ರ ನಗಲಿಲ್ಲ. ಆ ಕಡೆಯಿಂದ ಬಂದು ನನ್ನ ಕೈ ಹಿಡಿದು, "ಕೆಳಗ ನೋಡಬ್ಯಾಡ್ರಿ ಅಪ್ಪಾ, ನನ್ನ ನೋಡ್ರಿ," ಎಂದಳು. ಹಾಗೆ ದಾಟಿದೆ.

ಅದೇ ಮಧ್ಯಾಹ್ನ ಹುಕುಂ ಬರೆದೆ. ಎಂಟು ದಿನದೊಳಗೆ ಹಲಗೆ ತೆಗೆದು ಸರಳು ಕೂಡಿಸತಕ್ಕದ್ದು. ನಿಯಮಕ್ಕಾಗಿ ಬರೆದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸಭಿಕರೇ, ನಿಯಮದ ಸಿಟ್ಟಿಗೆ ಹಾಗೆ ಕಿವಿ ಬಿಸಿಯಾಗುವುದುಂಟೇ?

ಎಂಟು ದಿನ ಕಳೆದವು. ಹದಿನೈದಾದವು. ಹಲಗೆ ಹೋಗಿಯೇ ಇರುತ್ತದೆಂದುಕೊಂಡು ನಾನು ಮತ್ತೆ ನೋಡಲು ಹೋಗಲಿಲ್ಲ. ಒಂದು ಮಂಗಳವಾರ, ಹನ್ನೊಂದರ ಸುಮಾರಿಗೆ, ಕಚೇರಿಯ ಹೊರಗೆ ಯಾರೋ ಕೂಗಿದರು, ಪಾಯಪ್ಪನ ವಖಾರಿಗೆ ಬೆಂಕಿ ಬಿದ್ದೈತಿ ಎಂದು.

ನಾನು ಹೇಗೆ ಓಡಿದೆನೋ ಗೊತ್ತಿಲ್ಲ. ರುಮಾಲು ಎಲ್ಲಿ ಬಿತ್ತೋ ಇವತ್ತಿಗೂ ಸಿಕ್ಕಿಲ್ಲ. ಹತ್ತಿಯ ಹೊಗೆ ನಿಮಗೆ ಗೊತ್ತು. ಪಾವಟಿಗೆ ಕಾಣುತ್ತಲೇ ಇರಲಿಲ್ಲ. ಒಳಗೆ ನುಗ್ಗಹೋದವನನ್ನು ಇಬ್ಬರು ಹಮಾಲರು ಹಿಡಿದರು. ಹಲಗೆ ತೆಗೆಸಿದವನು ನಾನು, ಸರಳು ಕೂಡಿಸಿದವನು ನಾನು. ಬೇರೇನೂ ನನ್ನ ತಲೆಯಲ್ಲಿರಲಿಲ್ಲ. "ಹಿಂದಿನ ಅಂಗಳಕ್ಕ ಹೋಗ್ರಿ," ಎಂದು ಯಾರೋ ತಳ್ಳಿದರು.

ಹಿಂದಿನ ಅಂಗಳಕ್ಕೆ ಹೋದೆ. ಮೇಲೆ ಹಲಗೆ ಇದ್ದಲ್ಲೇ ಇತ್ತು, ಕೆಳಗೆ ಹುಡುಗಿಯರು ಸಾಲಾಗಿ ಕುಳಿತಿದ್ದರು. ಕೊನೆಯವರಾಗಿ ದಾಟಿ ಬಂದ ಅಕ್ಕಾವರ ಸೆರಗು ಒಂದು ಕಡೆ ಸುಟ್ಟಿತ್ತು. ಅವರು ನಿಂತು ಹಾಜರಿ ಕರೆಯುತ್ತಿದ್ದರು. ಹಾಜರಿ ಪುಸ್ತಕ ಮೇಲೆಯೇ ಉಳಿದಿತ್ತು, ಹೆಸರುಗಳೆಲ್ಲ ಬಾಯಲ್ಲಿದ್ದವು. ಸರುಬಾಯಿಯವರು ತಮ್ಮ ಮಡಿಯ ಕೊಡದಿಂದಲೇ ಎಲ್ಲರಿಗೂ ನೀರು ಕೊಡುತ್ತಿದ್ದರು. ನಾನು ಆ ಸಾಲಿನಲ್ಲಿ ಕುಂದಾಳನ್ನು ಹುಡುಕುತ್ತಿದ್ದೆ.

"ಕುಂದಾ ಗುರುಸಿದ್ಧಪ್ಪ."

"ಹಾಜರ್ರಿ ಅಕ್ಕಾವ್ರ."

ನಾನು ಹೋಗಿ ಅವಳ ಪಕ್ಕ ಕುಳಿತೆ. ಹಾಜರಿ ಮುಂದುವರಿಯಿತು. ನಲವತ್ತೊಂದೂ ಆಯಿತು.

ಮರುದಿನ ಶಾಲೆ ಸರುಬಾಯಿಯವರ ಪಡಸಾಲೆಯಲ್ಲಿ ಕೂಡಿತು. ನಾನು ಹೋದೆ. "ಅಕ್ಕಾವ್ರ, ನನ್ನ ಹುಕುಂ..." ಎಂದು ಬಾಯಿ ತೆರೆದೆ.

"ಯಾವ ಹುಕುಂ ರೀ? ನನಗೇನೂ ಬಂದಿಲ್ಲಲ್ರಿ," ಎಂದರು. ಎಂದು, ಕರಿಹಲಗೆಯ ಮೇಲೆ ಮಗ್ಗಿ ಬರೆಯಲು ಹಿಂತಿರುಗಿದರು.

ಶಿಪಾಯಿಯ ಟಪಾಲು ವಹಿ ನನ್ನ ಮೇಜಿನಲ್ಲಿತ್ತು. ಅದರಲ್ಲಿ ಅವರ ಸಹಿ ಇತ್ತು, ತಾರೀಖಿನ ಸಮೇತ. ಹುಕುಂ ಮುರಿದದ್ದು ತಿಳಿದರೆ ಅವರ ನೌಕರಿ ಹೋಗುತ್ತಿತ್ತು. ಹುಕುಂ ಬರೆದವನು ಯಾರೆಂದು ತಿಳಿದರೆ ಈ ಪೇಟೆಯಲ್ಲಿ ನಾನು ತಲೆಯೆತ್ತಿ ನಡೆಯುವಂತಿರಲಿಲ್ಲ. ಅವರು ಒಬ್ಬರಿಗೂ ಹೇಳಲಿಲ್ಲ. ಈಗ ತಲೆ ತಗ್ಗಿಸಿ ಕುಳಿತಿದ್ದಾರೆ, ನೋಡಿರಿ. ಕ್ಷಮಿಸಿರಿ ಅಕ್ಕಾವ್ರ, ನೀವು ಹೋಗುವ ಮೊದಲು ಇದು ಆಗಬೇಕಿತ್ತು.

ಆಮೇಲೆ ನಡೆದದ್ದು ನಿಮಗೆಲ್ಲ ಗೊತ್ತಿದೆ. ಹೊಸ ಶಾಲೆ ಕಟ್ಟಲು ಪಾಯಪ್ಪನವರು ಜಾಗ ಕೊಟ್ಟರು. ಕಡಿತ ಆಗಲೂ ಇತ್ತು. ಸಂಸ್ಥಾನದಲ್ಲಿ ಮೇಲಿನವರು ಶಾಲೆ ನೋಡಲು ಬಂದಾಗ ತೋರಣ, ಹಾರ, ಚಹಾ ಫರಾಳಕ್ಕೆಂದು ಒಂದು ಖರ್ಚು ಇರುತ್ತಿತ್ತು. ನನ್ನ ಕೆಂಪು ಶಾಯಿಯನ್ನು ಮೊದಲ ಬಾರಿಗೆ ಅದರ ಮೇಲೆ ಹರಿಸಿದೆ. ಮೂರು ವರ್ಷ ಸಾಹೇಬರು ಬರೀ ನೀರು ಕುಡಿದು ಹೋದರು, ಉಳಿದ ರೊಕ್ಕ ಈ ಕಟ್ಟಡಕ್ಕೆ ಬಂತು. ನಾವು ಕುಳಿತಿರುವ ಈ ಶಾಲೆಗೆ ಎರಡು ಬಾಗಿಲು, ಎರಡು ಪಾವಟಿಗೆಗಳಿವೆ. ಎರಡೂ ಅಗಲವಾಗಿವೆ. ದಿನಾ ಸಂಜೆ ಈ ದಾರಿಯಲ್ಲೇ ವಾಯುಸೇವನೆಗೆ ಬರುತ್ತೇನೆ. ಮಕ್ಕಳು ಎರಡೂ ಕಡೆಯಿಂದ ಇಳಿದು ಹೋಗುವುದನ್ನು ನೋಡುತ್ತೇನೆ. ಪಿಂಚಣಿದಾರನಿಗೆ ಇದಕ್ಕಿಂತ ಸುಖ ಏನಿದೆ?

ಕೊನೆಯ ಮಾತು. ನನ್ನ ಕುರ್ಚಿಯಲ್ಲಿ ಈಗ ಕುಳಿತಿರುವ ಪಂಢರಿನಾಥರು ಮೂರನೆಯ ಸಾಲಿನಲ್ಲಿದ್ದಾರೆ. ಲಡಾಯಿ ಮುಗಿದರೂ ಕಡಿತ ಮುಗಿದಿಲ್ಲ. ಹೊಸ ಮುಖ್ಯಾಧ್ಯಾಪಕಿ ಮಂದಾಬಾಯಿಯವರು ಹಿಂದಿನ ಬಾವಿಗೆ ಕಟ್ಟೆ ಬೇಕೆಂದು ಬರೆದ ಅರ್ಜಿ ನಿಮ್ಮ ಮೇಜಿನ ಮೇಲಿದೆ. ಏನು ಬರೆಯಬೇಕೆಂದು ನಾನು ಹೇಳುವುದಿಲ್ಲ. ಬರೆಯುವ ಮೊದಲು ಒಮ್ಮೆ ಬಂದು, ಮಧ್ಯಾಹ್ನದ ಸೂಟಿಯಲ್ಲಿ, ಮಕ್ಕಳು ನೀರು ಸೇದುವಾಗ ಆ ಬಾವಿಯ ಹತ್ತಿರ ನಿಲ್ಲಿರಿ. ಬರುತ್ತೀರಾ?

ಹೂಂ ಎಂದು ತಲೆ ಆಡಿಸಿದರು. ಇಡೀ ಸಭೆ ನೋಡಿದೆ. ನನಗಿಷ್ಟು ಸಾಕು.

ಕರೆದು ಮಾತಾಡಲು ಬಿಟ್ಟದ್ದಕ್ಕೆ, ನಡುವೆ ತಡೆಯದೆ ಇದ್ದದ್ದಕ್ಕೆ ನಿಮ್ಮೆಲ್ಲರ ಉಪಕಾರ ದೊಡ್ಡದು. ಅಕ್ಕಾವರಿಗೆ ಮೊದಲು, ಆಮೇಲೆ ನಿಮಗೆಲ್ಲರಿಗೂ, ನಮಸ್ಕಾರ.