ಎದೆ ಮೇಲಿನ ಹೆಸರು

ಒಸಿ ಮೆಲ್ಲಗೆ ಒತ್ತೇ ಪ್ರತಿಮಾ, ಆ ಹೆಬ್ಬೆಟ್ಟು ಹಣ್ಣಾಗೈತೆ... ಹಾಂ, ಅಲ್ಲೇ. ಉಪ್ಪುನೀರು ಇನ್ನೊಸಿ ಬಿಸಿ ಇದ್ರೂ ತಡ್ಕೋತೀನಿ. ಏನು? ಮತ್ತೆ ಅದನ್ನೇ ಕೇಳ್ತೀಯಲ್ಲ. ನಲವತ್ತೆರಡು ಕಿಲೋಮೀಟ್ರು ಯಾಕೆ ಓಡ್ಬೇಕು ಅಂತ. ತಲೆ ನೆರೆತಿರೋ ಹೆಂಗ್ಸು, ಬರೋ ಭಾನ್ವಾರ ಬೆಂಗಳೂರ್‌ಗೋಗಿ ಮ್ಯಾರಥಾನ್ ಓಡ್ತೀನಿ ಅಂದ್ರೆ ನೀನು ನಗದೆ ಇನ್ನೇನ್ ಮಾಡೀಯ. ನಗು ನಗು. ಕಾಲು ಮಾತ್ರ ಬುಡಬೇಡ.

ಸುಗರ್ ಐತೆ ಅಂದ್ನಲ್ಲ. ಡಾಕ್ಟ್ರು ನಡೀರಿ ಅಂದ್ರು... ಸರಿ ಕಣೆ, ನಡೀರಿ ಅಂದ್ರು, ಓಡಿ ಅನ್ನಲಿಲ್ಲ. ನೀನು ಬಾಳ ಚುರುಕು. ಆಮೇಲೆ ಟೀ ಶರ್ಟ್ ಕೊಡ್ತಾರೆ, ಪದಕ ಕೊಡ್ತಾರೆ... ಯಾಕೆ ಹಂಗೆ ನೋಡ್ತೀಯ? ಟೀ ಶರ್ಟ್ ಹಾಕ್ಕೊಂಡು ನಾನೆಲ್ಲಿಗೋಗ್ಲಿ, ಅದೂ ನಿಜವೇ.

ನೀನು ಕೇಳೋದಿರ್ಲಿ. ಬೆಳಗ್ಗೆ ಹಾರೋಹಳ್ಳಿ ದಾಟಿ ಕನಕಪುರದ ಕಡೆ ಓಡ್ತಿರ್ತೀನಾ, ಫ್ಯಾಕ್ಟ್ರಿ ಬಸ್ಸಿನ ಡ್ರೈವರ್ರು ದಿನಾ ನಿಲ್ಸ್ತಾನೆ. ಬಸ್ ತಪ್ಪೋಯ್ತಾ, ಹತ್ತಮ್ಮ ಅಂತಾನೆ. ಇಲ್ಲ ಕಣಪ್ಪ, ಸುಮ್ಕೆ ಓಡ್ತಿದೀನಿ ಅಂದ್ರೆ ಅವನಿಗೆ ನಂಬ್ಕೆನೇ ಬರಲ್ಲ. ಸುಮ್ಕೆ ಯಾರಾದ್ರೂ ಓಡ್ತಾರಾ ಅಂತಾನೆ.

ಯಾರೂ ಓಡಲ್ಲ... ಹೇಳ್ತೀನಿ ಇರು. ಹೋದ್ವರ್ಸ ಕಂಪ್ನಿಯೋರು ಕರ್ಕೊಂಡೋಗಿದ್ರಲ್ಲ, ಸಣ್ಣ ಓಟ, ಹತ್ತು ಕಿಲೋಮೀಟ್ರು. ಎದೆಗೊಂದು ನಂಬರ್ ಚೀಟಿ ಪಿನ್ನಾಕಿ ಬುಟ್ರು. ರಸ್ತೆ ಪಕ್ಕ ಜನವೋ ಜನ. ಗುರ್ತಿಲ್ಲ, ಪರಿಚಯ ಇಲ್ಲ, ತಟ್ಟೆ ಬಡ್ಕೊಂಡು, ಚಪ್ಪಾಳೆ ಹೊಡ್ಕೊಂಡು ನಿಂತವ್ರೆ. ನಮ್ಮ ಪಕ್ಕದಲ್ಲೇ ದೊಡ್ಡ ಓಟದೋರು ಹೋಗ್ತಾವ್ರೆ. ಅವ್ರ ಚೀಟೀಲಿ ದಪ್ಪಕ್ಷರದಾಗೆ ಹೆಸ್ರು. ಜನ ಅದನ್ನ ಓದ್ಕೊಂಡು ಕೂಗೋದು... ಬಾ ನಿಖಾತ್, ಬುಡಬೇಡ ನಿಖಾತ್. ಆಯಮ್ಮಂಗೆ ನನ್ನಷ್ಟೇ ವಯಸ್ಸು. ಕುಂಟ್ಕೊಂಡು ಬರ್ತಿದ್ದೋಳು ಹೆಸ್ರು ಕಿವಿಗೆ ಬಿದ್ದೇಟ್ಗೆ ನೆಟ್ಟಗಾಗೋದ್ಲು. ನಂಗಾ? ನಂಗೆ ಕಮಾನ್ ಆಂಟಿ ಅಂದ್ರು. ಸಣ್ಣ ಓಟದೋರಿಗೆ ಬರೀ ನಂಬರು ಕಣೆ. ಹೆಸ್ರು ಬೇಕಂದ್ರೆ ನಲವತ್ತೆರಡೂ ಓಡ್ಬೇಕು.

ಅದಕ್ಕೇ ಓಡೋದು. ಹೇಳ್ಬುಟ್ಟೆ. ಈಗ ನಗು ಬೇಕಾದ್ರೆ... ಯಾಕೆ, ಈಗ ನಗು ಬರಲ್ವಾ?

ನಮ್ಮತ್ತೆದೂ ನಂದೂ ಒಂದೇ ಹೆಸ್ರು. ಮಗ ಆದೋನು ತಾಯಿ ಹೆಸ್ರಿಡಿದು ಹೆಂಡ್ತೀನ ಕರೆಯೋಕಾಯ್ತದಾ? ಮದುವೆ ದಿನವೇ ನನ್ನೆಸ್ರು ಮೂಲೆಗೋಯ್ತು. ಅತ್ತೆ ನನ್ನ ಬೈರಾಪಟ್ಟಣದೋಳೇ ಅಂತಿದ್ಲು, ತವರೂರ ಹೆಸ್ರಲ್ಲಿ. ಒಳ್ಳೇ ಮುದುಕಿನೇ, ತಪ್ಪು ಹೇಳ್ಬಾರ್ದು. ನಮ್ಮೆಜಮಾನ್ರು ಏಯ್ ಅಂತಿದ್ರು. ಅತ್ತೆ ಹೋದ್ಮೇಲಾದ್ರೂ ಕರೀತಾರೇನೋ ಅಂದ್ಕೊಂಡೆ. ಅವ್ರ ನಾಲಿಗೆ ಹೊರಳಲಿಲ್ಲ. ಆಮೇಲೆ ಅವ್ರೂ ಹೋದ್ರು. ಮಕ್ಕಳಿಲ್ಲ. ಇಲ್ಲಿಗೆ, ನಿನ್ನ ಪಕ್ಕದ್ಮನೆಗೆ ಬಂದು ಕೆಲ್ಸಕ್ಕೆ ಸೇರ್ದೆ. ಫ್ಯಾಕ್ಟ್ರೀಲಿ ಪ್ಯಾಕಿಂಗ್ ಅಮ್ಮ, ವಠಾರದಲ್ಲಿ ಮೂಲೆಮನೆ ಆಂಟಿ.

ನಮ್ಮವ್ವ ಒಬ್ಳು ಕೂಗ್ತಿದ್ಲು ಕಣೆ. ಹೊಲದ ಬದೀಲಿ ನಿಂತು ಒಂದ್ಸಲ ಕೂಗಿದ್ರೆ ಕೆರೆ ಏರಿಗಂಟ ಕೇಳ್ಸೋದು. ನಾನು ಎಲ್ಲಿದ್ರೂ ಒಂದೇ ಉಸ್ರಿಗೆ ಓಡ್ತಿದ್ದೆ. ಆಗ ಕಾಲು ನೋಯ್ತಿತ್ತಾ ಅಂತ ನೆನಪೇ ಇಲ್ಲ. ಈಗ ರಾತ್ರಿ ಊಟಕ್ಕೆ ಕೂತ್ರೆ ಒಂದು ಸೊಲ್ಲಿಲ್ಲ. ಒಂದೊಂದ್ಸಲ ಕುಕ್ಕರ್ ಕೂಗಿದ್ರೂ ಬಂದೆ ಅಂತೀನಿ. ಬೇಜಾರಾಯ್ತದೆ ಕಣವ್ವ. ಬಾಳ ಬೇಜಾರಾಯ್ತದೆ.

ಇರ್ಲಿ, ಒರೆಸ್ಬುಡು, ಸಾಕು. ಭಾನ್ವಾರ ನೀನು ಬತ್ತೀಯಲ್ಲ? ಕೊನೇಲಿ ನಿಂತ್ಕೊ, ನಂಗೆ ಜೀವ ಬಾಯಿಗೆ ಬಂದಿರೋ ಜಾಗದಾಗೆ. ಗುರ್ತಿಲ್ಲದೋರು ಚೀಟಿ ಓದಿ ಕೂಗ್ತಾರೆ, ಅದು ಸರಿ. ನೀನು ಓದ್ದೇ ಕೂಗ್ಬೇಕು. ಅಕ್ಕಾ ಅನ್ಬೇಡ, ನೂರು ಜನ ಅಕ್ಕದೀರು ತಿರುಗ್ತಾರೆ. ಹೆಸ್ರಿಡಿದೇ ಕೂಗು. ದೊಡ್ಡೋರ ಹೆಸ್ರು ಹೇಳ್ಬಾರ್ದು ಅಂತ ಯೋಚ್ನೆ ಮಾಡ್ಬೇಡ, ನಾನೇ ಹೇಳ್ತಿಲ್ವಾ. ಎಲ್ಲಿ, ಈಗೊಂದ್ಸಲ ಅಂದು ನೋಡು...

ನಾಚ್ಕೆ ಏನೇ, ನಾವಿಬ್ರೇ ಇರೋದು... ಅನ್ನು.

ಪ್ರತಿಮಾ? ತಲೆ ಎತ್ತು... ಇಷ್ಟು ವರ್ಸದಿಂದ ಒಂದೇ ಗೋಡೆ ಆಚೆ ಈಚೆ ಮಲಗ್ತೀವಲ್ಲೇ...

ಓ.

ಅಳಬೇಡ. ನಿಂದೇನೂ ತಪ್ಪಿಲ್ಲ ಕಣವ್ವ. ನೀನು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಗೊತ್ತಿರ್ತದೆ ಅಂದ್ಕೊಂಡಿದ್ದೆ, ಅಷ್ಟೇ.

ಕೆಂಚಮ್ಮ. ಕೆಂಚಮ್ಮ ಅಂತ.

ಹೂಂ, ಈಗ ನೀನು ಅನ್ನು.